ಲೇಸರ್ ಚಿಕಿತ್ಸೆಯೂ ಕಣ್ಣೀರಿನ ರಸಾಯನವೂ

ಕಣ್ಣೀರೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ದುಃಖದ ಕಡೆಗೇ ಹರಿಯುವುದು. ತವರನ್ನು ಬಿಟ್ಟು ಹೊರಡುವ ಮಗಳ ಕಣ್ಣೀರು, ಮಗನನ್ನು ದೂರದ ನೌಕರಿಗೆ ಕಳಿಸುವ ತಾಯಿಯ ಕಣ್ಣೀರು, ಇವುಗಳನ್ನಲ್ಲದೆ ಬೇರೆ ಕಣ್ಣೀರನ್ನು ನಾವು ಎಣಿಕೆಗೇ ತಂದುಕೊಳ್ಳುವುದಿಲ್ಲ. ಆದರೆ ಅಳು ಬರಲಿ ಬಾರದಿರಲಿ, ನಾವು ಎಚ್ಚರವಾಗಿರುವಷ್ಟು ಹೊತ್ತೂ ಕಣ್ಣಿನ ಮೇಲೆ ಕಣ್ಣೀರಿನ ಒಂದು ತೆಳುವಾದ ಪೊರೆಯು ಹರಡಿಕೊಂಡೇ ಇರುವುದು. ನಾವು ಎವೆಯಿಕ್ಕಿದಾಗಲೆಲ್ಲ ಆ ಪೊರೆಯು ಹೊಸತಾಗುವುದು. ಅದು ನೆಟ್ಟಗಿರುವ ತನಕ ಅದರ ನೆನಪು ಯಾರಿಗೂ ಬಾರದು; ಅದು ಕೆಟ್ಟ ದಿನವೇ ಅದರ ಬೆಲೆಯು ತಿಳಿದುಬರುವುದು.

ಈ ವಿಷಯವನ್ನು ನಾವು ಈಗ ಎತ್ತಿಕೊಂಡುದಕ್ಕೆ ಕಾರಣವುಂಟು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯ ತರುಣ ತರುಣಿಯರಲ್ಲಿ ಚಾಳೀಸನ್ನು ತೊರೆಯಬೇಕೆಂಬ ಆಸೆಯು ಬೆಳೆದಿದೆ. ಕೆಲವರಿಗೆ ಸೇನೆಯ ಇಲ್ಲವೆ ಪೊಲೀಸು ಖಾತೆಯ ಭರತಿಯ ಚಿಂತೆ. ಕೆಲವರಿಗೆ ಮದುವೆಯ ಮಾತುಕತೆಯ ಚಿಂತೆ. ಇನ್ನು ಕೆಲವರಿಗೆ ಮೂಗಿನ ಮೇಲಿನ ಭಾರವು ಬೇಸರವಾಗಿದೆ, ಅಷ್ಟೇ. ಇಂತಹರು ಉತ್ತರಕ್ಕೆ ಕೊಲ್ಲಾಪುರಕ್ಕೋ ದಕ್ಷಿಣಕ್ಕೆ ಬೆಳಗಾವಿಗೋ ಬೆಂಗಳೂರಿಗೋ ಹೋಗಿ ಲೇಸರ್ ಕಿರಣದಿಂದ ಕಣ್ಣಿನ ದೋಷವನ್ನು ತಿದ್ದಿಸಿಕೊಂಡು ಬರುವರು. ಮರುದಿನವೇ ದೂರದ ಫಲಕಗಳು ಬರಿಗಣ್ಣಿಗೆ ಓದಲು ಬರುವುವು, ಮನೆಮಂದಿಗೆಲ್ಲ ಹಿಗ್ಗು. ಆದರೆ ಒಂದೆರಡು ವಾರ ಕಳೆಯುವಷ್ಟರಲ್ಲಿ, “ಕಣ್ಣಲ್ಲಿ ಉಸುಕು ಬಿದ್ದಂತೆ ಆಗುತ್ತದೆ, ಸಂಜೆಯಾದರೆ ಉರಿಯುತ್ತದೆ” ಎಂಬ ದೂರು ಕೇಳಬರುವುದು. ಮನೆಯವರು ಗಾಬರಿಗೊಳ್ಳುವರು. ಈ ಉರಿಯ ಮೂಲವು ಬಹುಮಟ್ಟಿಗೆ ಕಣ್ಣೀರಿನ ರಸಾಯನದಲ್ಲಿದೆ ಎಂಬುದನ್ನು ಮೊದಲೇ ಅರಿತಿದ್ದರೆ ಗಾಬರಿಯೂ ಕಡಿಮೆಯಾದೀತು, ಮಾಡತಕ್ಕ ಉಪಚಾರವೂ ಹೊತ್ತಿಗೆ ಸರಿಯಾಗಿ ನಡೆದೀತು.

ಕಣ್ಣೀರಿನಲ್ಲಿ ಏನಿದೆ?

ಕಣ್ಣೀರು ಬರಿಯ ಉಪ್ಪುನೀರಲ್ಲ. 1791ರಷ್ಟು ಹಿಂದೆಯೇ ಫ್ರಾನ್ಸ್ ದೇಶದ ಫೂರ್‌ಕ್ರುವಾ ಮತ್ತು ವೋಕ್ಲೆ ಎಂಬ ರಸಾಯನಶಾಸ್ತ್ರಜ್ಞರು ಕಣ್ಣೀರನ್ನು ಪೃಥಕ್ಕರಿಸಿ ನೋಡಿದರು. ಅಂದಿನಿಂದ ಇಂದಿನವರೆಗೆ ಕೂಡಿಬಂದಿರುವ ಜ್ಞಾನವು ಬಹಳ. ಕಣ್ಣಿನ ಮೇಲಿನ ಈ ಪೊರೆಯ ದಪ್ಪವು ಸುಮಾರು 3 ಮೈಕ್ರಾನ್ ಮಾತ್ರ. ಎಂದರೆ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು. ಇಷ್ಟರಲ್ಲಿಯೇ ಮೂರು ಬಗೆಯ ದ್ರವ್ಯಗಳು ಅಡಕವಾಗಿವೆ. ಎಲ್ಲಕ್ಕೂ ಮೇಲೆ ಎಣ್ಣೆಯ ಒಂದು ತೆರೆ. ಇದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ ಒಸರುವುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದು ನಮ್ಮಲ್ಲಿ ಒಂದು ನುಡಿಗಟ್ಟಿದೆಯಷ್ಟೆ. ಪ್ರಕೃತಿಯು ಈ ಕೆಲಸವನ್ನು ನಿಜವಾಗಿಯೇ ಮಾಡುತ್ತಿದೆ. ಈ ಎಣ್ಣೆಯಿಲ್ಲದಿದ್ದರೆ ಕೆಳಗಿನ ನೀರು ಗಾಳಿಗೆ ಬೇಗನೆ ಆರಿಹೋಗುವುದು. ನಡುವೆ ಇರುವುದು ನೀರಿನ ಭಾಗ. ಇದು ಹುಬ್ಬಿನ ಕೆಳಗೆ ಹೊರಮೂಲೆಯಲ್ಲಿರುವ ಅಶ್ರುಗ್ರಂಥಿಯಿಂದ ಬರುವುದು. ತಳದಲ್ಲಿರುವುದು ಒಂದು ಬಗೆಯ ಲೋಳೆ. ಇದು ನೀರನ್ನು ಕಣ್ಣಿನ ಮೇಲ್ಮೈಗೆ ಅಂಟಿಸಿ ಹಿಡಿಯುವುದು.

ನೀರಿನ ಭಾಗದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡು, ಬೈಕಾರ್ಬೊನೇಟು ಮೊದಲಾದ ಲವಣಗಳಿವೆ. ಪೊಟ್ಯಾಸಿಯಂ ರಕ್ತದ ನೀರಿನಲ್ಲಿರುವುದಕ್ಕಿಂತ ಕಣ್ಣೀರಿನಲ್ಲಿ ಹೆಚ್ಚು. ಲವಣಾದಿಗಳ ಒಟ್ಟು ಸಾಂದ್ರತೆಯು ಆರೋಗ್ಯವಂತ ಕಣ್ಣಿನಲ್ಲಿ ಲೀಟರಿಗೆ ಸುಮಾರು 300 ಮಿಲಿಆಸ್ಮೋಲ್ ಇರುವುದು; ಅದು 308ನ್ನು ದಾಟಿತೆಂದರೆ ಕಣ್ಣು ಒಣಗುತ್ತಿದೆಯೆಂದು ವೈದ್ಯರು ಶಂಕಿಸುವರು. ಇದಲ್ಲದೆ ರೋಗಾಣುಗಳನ್ನು ಎದುರಿಸುವ ಸಸಾರಜನಕಗಳೂ ಇವೆ. ಇವುಗಳಲ್ಲಿ ಲೈಸೊಜೈಮ್ ಎಂಬುದನ್ನು ಕಂಡುಹಿಡಿದವರು, ಮುಂದೆ ಪೆನಿಸಿಲಿನ್ನಿನಿಂದ ಲೋಕಪ್ರಸಿದ್ಧರಾದ ಅಲೆಕ್ಸಾಂಡರ್ ಫ್ಲೆಮಿಂಗರು. 1922ರಲ್ಲಿ ಅವರು ಇದನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಬೇಕಾದ ಕಣ್ಣೀರಿಗಾಗಿ ತಮ್ಮ ಮತ್ತು ಸಂಗಡಿಗರ ಕಣ್ಣಿಗೆ ನಿಂಬೆಯ ಸಿಪ್ಪೆಯ ರಸವನ್ನು ಹಿಂಡಿಕೊಳ್ಳುತ್ತಿದ್ದರಂತೆ!

ಇಷ್ಟೆಲ್ಲ ಗುಣಗಳುಳ್ಳ ಕಣ್ಣೀರು ಒಂದು ಕಣ್ಣಿನಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 7ರಿಂದ 10 ಮೈಕ್ರೊಲೀಟರು ಮಾತ್ರ. ಔಷಧದ ಸೀಸೆಯಿಂದ ಬೀಳುವ ಒಂದು ಹನಿಯು 30ರಿಂದ 50 ಮೈಕ್ರೊಲೀಟರು. ಆದುದರಿಂದ ಒಂದು ಹನಿಯೇ ಕಣ್ಣಿಗೆ ಹೆಚ್ಚಾಗಿ ಕೆನ್ನೆಗೆ ಇಳಿಯುವುದೆಂಬುದನ್ನೂ, ಒಮ್ಮೆಲೇ ಎರಡು ಮೂರು ಹನಿ ಹಾಕುವುದು ಔಷಧವನ್ನು ಚೆಲ್ಲಿದಂತೆಯೇ ಎಂಬುದನ್ನೂ ಮನೆಯವರು ನೆನಪಿಡತಕ್ಕದ್ದು.

ಲೇಸರ್ ಚಿಕಿತ್ಸೆಯು ಬಂದ ಬಗೆ

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಅದರ ನಡುವಿನ ದಪ್ಪವು ಸುಮಾರು ಅರ್ಧ ಮಿಲಿಮೀಟರು. ಈ ಪಟಲದ ಡೊಂಕನ್ನು ಸ್ವಲ್ಪ ಬದಲಿಸಿದರೆ ಬೆಳಕು ಬೀಳುವ ಸ್ಥಾನವೂ ಬದಲಾಗಿ ಸಮೀಪದೃಷ್ಟಿ ಮೊದಲಾದ ದೋಷಗಳು ತೊಲಗುವುವು. ಈ ಕಾರ್ಯಕ್ಕೆ ತಕ್ಕ ಕಿರಣವನ್ನು ತೋರಿಸಿಕೊಟ್ಟವರಲ್ಲಿ ನಮ್ಮ ನೆರೆಯ ಮದರಾಸಿನಲ್ಲಿ ವ್ಯಾಸಂಗ ಮಾಡಿದ ರಂಗಸ್ವಾಮಿ ಶ್ರೀನಿವಾಸನ್ ಎಂಬವರು ಮುಖ್ಯರು. ಅವರು ಅಮೆರಿಕದಲ್ಲಿ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ, 1981ರ ನವೆಂಬರಿನಲ್ಲಿ, ಹಬ್ಬದೂಟದಲ್ಲಿ ಮಿಕ್ಕಿದ ಟರ್ಕಿ ಕೋಳಿಯ ತುಣುಕನ್ನು ತಂದು ಎಕ್ಸಿಮರ್ ಎಂಬ ಲೇಸರಿನ ಎದುರು ಹಿಡಿದರು. ಸುತ್ತಲಿನ ಭಾಗವು ಸ್ವಲ್ಪವೂ ಕರಕಾಗದೆ ಕಿರಣ ಬಿದ್ದಷ್ಟೇ ಜಾಗವು ಒಪ್ಪವಾಗಿ ಕೊರೆಯಲ್ಪಟ್ಟಿತು. 1983ರಲ್ಲಿ ಸ್ಟೀಫನ್ ಟ್ರೋಕೆಲ್ ಎಂಬ ನೇತ್ರವೈದ್ಯರೊಡನೆ ಕೂಡಿ ಅವರು ಈ ಕಿರಣವನ್ನು ಕಾರ್ನಿಯಾದ ಮೇಲೆ ಪ್ರಯೋಗಿಸಿದ ವಿವರವನ್ನು ಪ್ರಕಟಿಸಿದರು. 2013ರಲ್ಲಿ ಅವರಿಗೂ ಅವರ ಇಬ್ಬರು ಸಹೋದ್ಯೋಗಿಗಳಿಗೂ ಅಮೆರಿಕದ ರಾಷ್ಟ್ರಾಧ್ಯಕ್ಷರು ರಾಷ್ಟ್ರೀಯ ಪದಕವನ್ನು ಕೊಟ್ಟು ಗೌರವಿಸಿದರು.

ಈಗ ನಡೆಯುವ ಚಿಕಿತ್ಸೆಗಳಲ್ಲಿ ಮೂರು ಬಗೆಗಳು ಮುಖ್ಯ. ಮೊದಲನೆಯದಾದ ಪಿ.ಆರ್.ಕೆ.ಯಲ್ಲಿ ಕಾರ್ನಿಯಾದ ಮೇಲುಸಿಪ್ಪೆಯನ್ನು ತೆಗೆದು ಕೆಳಗಿನ ಭಾಗವನ್ನು ಕಿರಣದಿಂದ ಸವೆಸುವರು. ಎರಡನೆಯದು ಲ್ಯಾಸಿಕ್, ಇದನ್ನು ಗ್ರೀಸ್ ದೇಶದ ಪಲ್ಲಿಕಾರಿಸ್ ಎಂಬವರು 1990ರ ಸುಮಾರಿಗೆ ಬಳಕೆಗೆ ತಂದರು. ಇದರಲ್ಲಿ ಕಾರ್ನಿಯಾದ ಮೇಲ್ಪದರವನ್ನು ಡಬ್ಬಿಯ ಮುಚ್ಚಳದಂತೆ ಕೊಯ್ದು ಒಂದು ಕಡೆಗೆ ಮಗುಚಿ, ಕೆಳಗೆ ಸವೆಸಿ, ಮತ್ತೆ ಮುಚ್ಚುವರು. ಮೂರನೆಯದಾದ ಸ್ಮೈಲ್ ಎಂಬುದರಲ್ಲಿ ಮುಚ್ಚಳವಿಲ್ಲ. ಒಳಗೆಯೇ ಒಂದು ತೆಳುವಾದ ಬಿಲ್ಲೆಯನ್ನು ಕಿರಣದಿಂದ ಬಿಡಿಸಿ, 2ರಿಂದ 4 ಮಿಲಿಮೀಟರಿನ ಸಣ್ಣ ಸೀಳಿನೊಳಗಿಂದ ಹೊರಗೆಳೆಯುವರು.

ಬದಲಾವಣೆಯು ಆಗುವುದು ಹೇಗೆ?

ಕಿರಣವು ತಿದ್ದುವುದು ಕಾರ್ನಿಯಾವನ್ನು. ಕಣ್ಣೀರು ಹುಟ್ಟುವುದು ಗ್ರಂಥಿಗಳಲ್ಲಿ. ಹೀಗಿರಲು ಇವೆರಡಕ್ಕೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಸಂಬಂಧವನ್ನು ಬೆಸೆಯುವುವು ಜ್ಞಾನತಂತುಗಳು. ಕಾರ್ನಿಯಾದಲ್ಲಿ ಇವು ಚರ್ಮದಲ್ಲಿರುವುದಕ್ಕಿಂತ ನೂರಾರು ಪಾಲು ದಟ್ಟವಾಗಿ ಹಬ್ಬಿವೆ. ಕಣ್ಣಿನ ಮೇಲ್ಮೈಯು ಕಿಂಚಿತ್ತು ಒಣಗಿದೊಡನೆ ಈ ತಂತುಗಳು ಮಿದುಳಿಗೆ ಸುದ್ದಿಯನ್ನು ಮುಟ್ಟಿಸುವುವು. ಮಿದುಳು ಅಶ್ರುಗ್ರಂಥಿಗೆ ನೀರನ್ನೂ ರೆಪ್ಪೆಗೆ ಮಿಟುಕನ್ನೂ ಅಪ್ಪಣೆ ಮಾಡುವುದು. ಹೊಲಕ್ಕೆ ನೀರು ಬೇಕೆಂದು ಕೂಗಿ ಹೇಳುವ ಆಳು ಇಲ್ಲವಾದರೆ, ಬಾವಿಯ ಮೋಟಾರಿನ ಬಳಿ ಕುಳಿತವನಿಗೆ ತಿಳಿಯುವುದಾದರೂ ಹೇಗೆ?

ಲ್ಯಾಸಿಕ್ಕಿನಲ್ಲಿ ಮುಚ್ಚಳವನ್ನು ಕೊಯ್ಯುವಾಗ ಸುಮಾರು 20 ಮಿಲಿಮೀಟರಿನಷ್ಟು ಉದ್ದಕ್ಕೆ ಈ ತಂತುಗಳು ಕತ್ತರಿಸಲ್ಪಡುವುವು. ಆಗ ಕಣ್ಣಿನ ಸ್ಪರ್ಶಜ್ಞಾನವು ಮಂದವಾಗುವುದು, ಎವೆಯಿಕ್ಕುವುದು ಕಡಿಮೆಯಾಗುವುದು, ಗ್ರಂಥಿಗೆ ಅಪ್ಪಣೆಯು ತಡವಾಗಿ ಹೋಗುವುದು. ನೀರು ಕಡಿಮೆಯಾಗಿ ಆರುವುದು ಹೆಚ್ಚಾದಾಗ ಉಳಿದ ಕಣ್ಣೀರಿನಲ್ಲಿ ಲವಣದ ಸಾಂದ್ರತೆಯು ಏರುವುದು, ಒಲೆಯ ಮೇಲಿಟ್ಟ ಸಾರು ಬತ್ತಿದಷ್ಟೂ ಉಪ್ಪಾಗುವಂತೆ. ಇದೇ ಮೊದಲನೆಯ ರಾಸಾಯನಿಕ ಬದಲಾವಣೆ.

ಎರಡನೆಯದು ಲೋಳೆಯ ಭಾಗದಲ್ಲಿ. ಮುಚ್ಚಳವನ್ನು ಕೊಯ್ಯುವ ಹೊತ್ತಿಗೆ ಕಣ್ಣು ಅಲುಗಾಡದಂತೆ ಅದರ ಬಿಳಿಯ ಭಾಗವನ್ನು ಒಂದು ಬಳೆಯಿಂದ ಹೀರಿ ಹಿಡಿಯುವರು. ಲೋಳೆಯನ್ನು ಸ್ರವಿಸುವ ಜೀವಕೋಶಗಳು ಅಲ್ಲಿಯೇ ಇರುವುದರಿಂದ ಅವುಗಳಿಗೆ ಪೆಟ್ಟಾಗಿ ಲೋಳೆಯು ಕೆಲವು ಕಾಲ ಕಡಿಮೆಯಾಗುವುದು. ನೀರು ಇದ್ದರೂ ಅದು ಕಣ್ಣಿನ ಮೇಲೆ ನಿಲ್ಲದೆ ಅಲ್ಲಲ್ಲಿ ಒಡೆಯುವುದು.

ಮೂರನೆಯದು ಉರಿಯೂತದ ದ್ರವ್ಯಗಳ ಏರಿಕೆ. ಎಲ್ಲಿಯೇ ಗಾಯವಾಗಲಿ, ಅದನ್ನು ಮಾಯಿಸುವುದಕ್ಕಾಗಿ ದೇಹವು ಕೆಲವು ಸಸಾರಜನಕಗಳನ್ನು ಹೊರಬಿಡುವುದು. ಇಂಟರ್‌ಲ್ಯೂಕಿನ್ 6, ಇಂಟರ್‌ಲ್ಯೂಕಿನ್ 8 ಮೊದಲಾದ ಹೆಸರಿನ ಈ ದೂತರು ಚಿಕಿತ್ಸೆಯ ತರುವಾಯದ ಕಣ್ಣೀರಿನಲ್ಲಿ ಹೆಚ್ಚಾಗಿ ಕಾಣಬರುವರು. ಗಾಯವನ್ನು ಕೂಡಿಸುವ ಟಿ.ಜಿ.ಎಫ್. ಬೀಟಾ ಎಂಬುದೂ ಏರುವುದು; ಅದು ಮಿತಿಮೀರಿದರೆ, ಮುಖ್ಯವಾಗಿ ಪಿ.ಆರ್.ಕೆ.ಯ ತರುವಾಯ, ಕಾರ್ನಿಯಾದಲ್ಲಿ ಮಂಜು ಕವಿದಂತಾಗಬಹುದು. ಎಂ.ಎಂ.ಪಿ. 9 ಎಂಬ ಇನ್ನೊಂದು ದ್ರವ್ಯವು ಸಿಪ್ಪೆಯ ಜೀವಕೋಶಗಳ ಬಂಧವನ್ನು ಸಡಲಿಸುವುದು. ಇದನ್ನು ಅಳೆಯುವ ಒಂದು ಸುಲಭವಾದ ಪಟ್ಟಿಗೆ 2013ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಕಣ್ಣೀರಿನಲ್ಲಿ ಈ ದ್ರವ್ಯವು ಮಿಲಿಲೀಟರಿಗೆ 40 ನ್ಯಾನೊಗ್ರಾಮನ್ನು ಮೀರಿದ್ದರೆ ಪಟ್ಟಿಯ ಮೇಲೆ ಕೆಂಪು ಗೆರೆಯು ಮೂಡುವುದು.

ಬದಲಾವಣೆಗಳೆಲ್ಲ ಕೆಡುಕಿನವೇ ಎಂದು ತಿಳಿಯಬಾರದು. ತಂತುಗಳನ್ನು ಮತ್ತೆ ಬೆಳೆಸುವ ಪೋಷಕ ದ್ರವ್ಯವೂ ಚಿಕಿತ್ಸೆಯ ತರುವಾಯ ಕಣ್ಣೀರಿನಲ್ಲಿ ಹೆಚ್ಚುವುದನ್ನು ಸಂಶೋಧಕರು ಕಂಡಿದ್ದಾರೆ. ಕೆಡವಿದ ಗೋಡೆಯನ್ನು ಕಟ್ಟಲು ಗೌಂಡಿಯೂ ಜೊತೆಗೇ ಬಂದಿರುವನೆಂದು ಇದನ್ನು ತಿಳಿದುಕೊಳ್ಳಬಹುದು. ಬಹುಜನರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಸ್ಪರ್ಶಜ್ಞಾನವು ಮರಳಿ, ಉರಿಯು ಶಮನವಾಗುವುದು. ಆದರೂ ತಂತುಗಳ ದಟ್ಟಣೆಯು ಹಿಂದಿನಂತಾಗುವುದಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಅಮೆರಿಕದ ಮೇಯೊ ಚಿಕಿತ್ಸಾಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಪಿ.ಆರ್.ಕೆ.ಯ ತರುವಾಯ 2 ವರ್ಷಗಳೂ ಲ್ಯಾಸಿಕ್ಕಿನ ತರುವಾಯ 5 ವರ್ಷಗಳೂ ಹಿಡಿದುವು. ಸ್ಮೈಲಿನಲ್ಲಿ ಕೊಯ್ತವು ಸಣ್ಣದಾದುದರಿಂದ ಮೊದಲ ತಿಂಗಳುಗಳಲ್ಲಿ ಒಣಗುವಿಕೆಯು ಕಡಿಮೆಯೆಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅದು ಇಲ್ಲವೇ ಇಲ್ಲವೆಂದು ಹೇಳುವಂತಿಲ್ಲ. ಕೆಲವರಲ್ಲಿ, ಚಿಕಿತ್ಸೆಯು ಯಾವುದೇ ಇರಲಿ, ಉರಿಯೂ ನೋವೂ ವರ್ಷಗಟ್ಟಲೆ ಉಳಿಯುವುದುಂಟು. ಇದನ್ನು ಮರೆಮಾಡುವುದು ಸರಿಯಲ್ಲ.

ನಮ್ಮ ನಾಡಿನಲ್ಲಿ ನಡೆದಿರುವ ಕೆಲಸ

ಕಣ್ಣಿನ ಸೇವೆಯಲ್ಲಿ ಕನ್ನಡ ನಾಡು ಹಿಂದೆ ಬಿದ್ದಿಲ್ಲ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗಳಲ್ಲಿ ನೇತ್ರಶಿಬಿರಗಳನ್ನು ನಡೆಸಿ ಲಕ್ಷಾಂತರ ಬಡವರಿಗೆ ದೃಷ್ಟಿದಾನ ಮಾಡಿದುದನ್ನು ನಮ್ಮ ಹಿರಿಯರು ಈಗಲೂ ನೆನೆಯುವರು. ಅವರಿಗೆ 1956ರಲ್ಲಿ ಪದ್ಮಶ್ರೀಯೂ 1968ರಲ್ಲಿ ಪದ್ಮಭೂಷಣವೂ ದೊರೆತುವು. ಕಣ್ಣೀರಿನ ರಸಾಯನದ ವಿಷಯದಲ್ಲಿ ಈಗ ಹೆಸರಾಗಿರುವುದು ಬೆಂಗಳೂರಿನ ನಾರಾಯಣ ನೇತ್ರಾಲಯ. ಡಾ. ಭುಜಂಗ ಶೆಟ್ಟಿಯವರು 1982ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಗ್ರೋ ಸಂಶೋಧನಾಲಯದಲ್ಲಿ ಡಾ. ರೋಹಿತ್ ಶೆಟ್ಟಿ, ಡಾ. ಅರ್ಕಶುಭ್ರ ಘೋಷ್ ಮೊದಲಾದವರು ರೋಗಿಗಳ ಕಣ್ಣೀರನ್ನು ಸಂಗ್ರಹಿಸಿ ಅದರಲ್ಲಿಯ ಉರಿಯೂತದ ದ್ರವ್ಯಗಳನ್ನು ಅಳೆಯುತ್ತ ಬಂದಿದ್ದಾರೆ. ರಕ್ತದಲ್ಲಿಯೂ ಕಣ್ಣೀರಿನಲ್ಲಿಯೂ ಡಿ ಜೀವಸತ್ವವು ಎಷ್ಟಿದೆಯೆಂಬುದನ್ನೂ ಅವರು ಪರೀಕ್ಷಿಸಿದ್ದಾರೆ.

ಕಣ್ಣೀರನ್ನು ಸಂಗ್ರಹಿಸುವ ಸಾಧನವು ಬಹು ಸರಳ. ಜರ್ಮನಿಯ ಓಟೊ ಶಿರ್ಮರ್ ಎಂಬ ವೈದ್ಯರು 1903ರಲ್ಲಿ ಹೇಳಿಕೊಟ್ಟಂತೆ, 5 ಮಿಲಿಮೀಟರು ಅಗಲ, 35 ಮಿಲಿಮೀಟರು ಉದ್ದದ ಹೀರುಕಾಗದದ ಪಟ್ಟಿಯ ತುದಿಯನ್ನು ಮಡಿಸಿ ಕೆಳರೆಪ್ಪೆಯೊಳಗೆ 5 ಮಿನಿಟು ಸಿಕ್ಕಿಸುವರು. ಎಷ್ಟು ಉದ್ದದ ತನಕ ತೇವವು ಏರಿತೆಂಬುದನ್ನು ನೋಡಿದರೆ ನೀರಿನ ಪ್ರಮಾಣವು ತಿಳಿಯುವುದು. 5 ಮಿಲಿಮೀಟರಿಗಿಂತ ಕಡಿಮೆಯಾದರೆ ಕಣ್ಣು ಬಹಳ ಒಣಗಿದೆಯೆಂದು ಅರ್ಥ. ಅದೇ ಪಟ್ಟಿಯಲ್ಲಿಯ ಕಣ್ಣೀರನ್ನು ತೊಳೆದು ತೆಗೆದು ರಾಸಾಯನಿಕ ಪರೀಕ್ಷೆಗೂ ಬಳಸುವರು. ರಕ್ತ ತೆಗೆಯುವ ಸೂಜಿಯ ಭಯವಿಲ್ಲದೆ, ಚಿಕಿತ್ಸೆಗೆ ಮುನ್ನವೇ ಯಾರ ಕಣ್ಣು ಮುಂದೆ ಹೆಚ್ಚು ಉರಿಯಬಹುದೆಂಬುದನ್ನು ಇದರಿಂದ ಊಹಿಸುವ ಕಾಲವು ಬರಬೇಕೆಂಬುದೇ ಈ ಶೋಧನೆಗಳ ಗುರಿ.

ನಿಪ್ಪಾಣಿಯವರು ವಿಶೇಷವಾಗಿ ನೋಡತಕ್ಕದ್ದು

ನಿಪ್ಪಾಣಿಯೆಂದರೆ ತಂಬಾಕಿನ ಪೇಟೆ. ವಖಾರಗಳಲ್ಲಿ ತಂಬಾಕನ್ನು ಬಡಿದು ಸೋಸುವಾಗ ಏಳುವ ಧೂಳು, ಬೀಡಿ ಕಟ್ಟುವ ಮನೆಗಳಲ್ಲಿಯ ಪುಡಿ, ಬೀಡಿಯ ಹೊಗೆ ಇವು ಇಲ್ಲಿಯ ಕಣ್ಣುಗಳಿಗೆ ನಿತ್ಯದ ಒಡನಾಡಿಗಳು. ಹೊಗೆಯೂ ಧೂಳೂ ಕಣ್ಣೀರಿನ ಪೊರೆಯನ್ನು ಬೇಗನೆ ಒಡೆಯುವುವು. ದಿನವಿಡೀ ತಲೆ ಬಗ್ಗಿಸಿ ಎಲೆ ಸುತ್ತುವ ಹೆಣ್ಣುಮಕ್ಕಳು ಎವೆಯಿಕ್ಕುವುದನ್ನೇ ಮರೆಯುವರು; ಫೋನಿನ ಪರದೆಯನ್ನು ನೋಡುತ್ತ ಕೂಡುವವರ ಪಾಡೂ ಅದೇ. ಹೀಗೆ ಮೊದಲೇ ಒಣಗಿದ ಕಣ್ಣಿಗೆ ಲೇಸರ್ ಚಿಕಿತ್ಸೆಯಾದರೆ ಉರಿಯು ಇಮ್ಮಡಿಸೀತು. ಅದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಸ್ಪರ್ಶಜ್ಞಾನವು ಮಂದವಾದ ಕಣ್ಣಿಗೆ ಬಿದ್ದ ಕಣವು ಚುಚ್ಚುವುದೇ ತಿಳಿಯದು. ತಿಳಿಯದಿದ್ದರೆ ಅದನ್ನು ತೊಳೆದುಕೊಳ್ಳುವುದೂ ಆಗದು. ಆದುದರಿಂದ ವಖಾರಿನ ಕೆಲಸಕ್ಕೆ ಮರಳುವವರು ಎಷ್ಟು ದಿನ ಬಿಟ್ಟು ಮರಳಬೇಕೆಂಬುದನ್ನು ವೈದ್ಯರಿಂದ ಕೇಳಿ ತಿಳಿದು, ಮರಳಿದ ಮೇಲೂ ಬದಿ ಮುಚ್ಚಿದ ಕನ್ನಡಕವನ್ನು ಧರಿಸುವುದು ಲೇಸು. ಚಾಳೀಸನ್ನು ಬಿಡಲು ಹೋಗಿ ಮತ್ತೆ ಕನ್ನಡಕವೇ ಎಂದು ನಗಬಾರದು. ಇದು ದೃಷ್ಟಿಗಲ್ಲ, ಕಾವಲಿಗೆ.

ಚಿಕಿತ್ಸೆಗೆ ಮುನ್ನ ಮನೆಯವರು ಕೇಳಿ ತಿಳಿಯತಕ್ಕ ಸಂಗತಿಗಳು ಇವು. ವಯಸ್ಸು 18 ದಾಟಿರಬೇಕು. ಕನ್ನಡಕದ ನಂಬರು ಒಂದು ವರ್ಷದಿಂದಲಾದರೂ ನಿಂತಿರಬೇಕು. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ಆ ಕಾಲವು ಕಳೆಯುವ ತನಕ ತಡೆಯಬೇಕು. ಕಾರ್ನಿಯಾದ ದಪ್ಪವನ್ನೂ ಆಕಾರವನ್ನೂ ಅಳೆಯಿಸಬೇಕು. ಅದು ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ರೋಗವಿದ್ದವರಿಗೆ ಈ ಚಿಕಿತ್ಸೆಯು ಸಲ್ಲದು. ಕಣ್ಣೀರಿನ ಪರೀಕ್ಷೆಯಾಯಿತೇ ಎಂದು ತಪ್ಪದೆ ಕೇಳಬೇಕು. ಕಣ್ಣು ಒಣಗಿದ್ದರೆ ಮೊದಲು ಅದಕ್ಕೆ ಉಪಚಾರವಾಗಿ, ತರುವಾಯ ಕಿರಣದ ಮಾತು. ಸೇನೆಯಂತಹ ನೌಕರಿಗೆ ಹೋಗುವವರು ಈ ಚಿಕಿತ್ಸೆಯ ಬಗೆಗೆ ಆಯಾ ಖಾತೆಯ ನಿಯಮಗಳನ್ನು ಮೊದಲೇ ಓದಿಕೊಳ್ಳಬೇಕು. ಚಿಕಿತ್ಸೆಯಾದ ಮೇಲೆ ಓದಿ ಪಶ್ಚಾತ್ತಾಪ ಪಟ್ಟು ಫಲವಿಲ್ಲ. ನಲವತ್ತರ ಆಚೆಗೆ ಓದಲು ಬೇಕಾಗುವ ಕನ್ನಡಕವನ್ನು ಈ ಚಿಕಿತ್ಸೆಯು ತಡೆಯಲಾರದೆಂಬುದೂ ತಿಳಿದಿರಲಿ. ನಲವತ್ತೆಂಬ ಅರ್ಥದಿಂದಲೇ ಚಾಳೀಸೆಂಬ ಹೆಸರು ಬಂದಿದೆಯಲ್ಲವೇ?

ಮನೆಯಲ್ಲಿ ಮಾಡತಕ್ಕ ಆರೈಕೆ

ವೈದ್ಯರು ಬರೆದುಕೊಟ್ಟ ಕೃತಕ ಕಣ್ಣೀರನ್ನು ಉರಿ ಬಂದಾಗಲಷ್ಟೇ ಅಲ್ಲ, ಹೇಳಿದ ಹೊತ್ತುಹೊತ್ತಿಗೆ ಹಾಕಬೇಕು. ಪದೇಪದೇ ಹಾಕುವುದಾದರೆ, ಕೆಡದಂತಿಡುವ ದ್ರವ್ಯವನ್ನು ಬೆರಸದ ಬಗೆಯನ್ನು ಕೇಳಿಕೊಳ್ಳುವುದು ಒಳ್ಳೆಯದು; ಏಕೆಂದರೆ ಆ ದ್ರವ್ಯವೇ ಕೆಲವು ವೇಳೆ ಕಣ್ಣಿನ ಸಿಪ್ಪೆಯನ್ನು ನೋಯಿಸುವುದು. ಕೈ ತೊಳೆಯದೆ ಕಣ್ಣನ್ನು ಮುಟ್ಟಕೂಡದು. ಕಣ್ಣನ್ನು ಉಜ್ಜಲೇಕೂಡದು, ಲ್ಯಾಸಿಕ್ ಆದವರಲ್ಲಿ ಮುಚ್ಚಳವು ಸರಿಯುವ ಭಯವಿದೆ. ಫ್ಯಾನಿನ ಗಾಳಿಯು ಮೋರೆಗೆ ನೇರವಾಗಿ ಬೀಸದಂತೆ ಹಾಸಿಗೆಯನ್ನು ಹಾಸಬೇಕು. ಮೆಣಸಿನಕಾಯಿ ಹುರಿಯುವ ದಿನ ಅವರನ್ನು ಅಡಿಗೆಮನೆಯಿಂದ ದೂರವಿಡಬೇಕು. ಓದುವಾಗಲೂ ಫೋನು ನೋಡುವಾಗಲೂ ನಡುನಡುವೆ ಕಣ್ಣನ್ನು ಪೂರ್ತಿಯಾಗಿ ಮುಚ್ಚಿ ತೆರೆಯುವ ರೂಢಿಯನ್ನು ಮಾಡಿಕೊಳ್ಳಬೇಕು.

ಇನ್ನು ಮನೆಮದ್ದಿನ ಮಾತು. ಜೇನುತುಪ್ಪ, ಹರಳೆಣ್ಣೆ, ಗುಲಾಬಿನೀರು, ಎದೆಹಾಲು, ಕೊತ್ತಂಬರಿಯ ನೀರು ಇವೆಲ್ಲವನ್ನು ಪ್ರೀತಿಯಿಂದಲೇ ಹಿರಿಯರು ಕಣ್ಣಿಗೆ ಹಾಕಲು ಹೇಳುವರು. ಆದರೆ ಕೊಯ್ದ ಕಣ್ಣಿಗೆ ಇವು ಸಲ್ಲವು. ಇವುಗಳೊಡನೆ ರೋಗಾಣುಗಳು ಒಳಹೊಕ್ಕರೆ ದೃಷ್ಟಿಗೇ ಕುಂದು ಬಂದೀತು. ಅಂಗಡಿಯಿಂದ ತಾವಾಗಿಯೇ ಸ್ಟೀರಾಯ್ಡ್ ಹನಿಯನ್ನು ತಂದು ತಿಂಗಳುಗಟ್ಟಲೆ ಹಾಕುವುದು ಇನ್ನೂ ಕೇಡು. ಅದರಿಂದ ಉರಿಯು ತಟ್ಟನೆ ಆರುವುದು ನಿಜ. ಆದರೆ ಕಣ್ಣಿನ ಒಳಗಿನ ಒತ್ತಡವು ಸದ್ದಿಲ್ಲದೆ ಏರಿ ದೃಷ್ಟಿತಂತುವನ್ನು ಕೊಲ್ಲಬಹುದು. ವೈದ್ಯರು ಹೇಳಿದ ದಿನಗಳಿಗಿಂತ ಒಂದು ದಿನವೂ ಹೆಚ್ಚಿಗೆ ಹಾಕಕೂಡದು.

ಕಣ್ಣಿನಿಂದ ನೀರು ಸುರಿಯುತ್ತಿದ್ದರೆ ಒಣಗಿಲ್ಲವೆಂದು ಭಾವಿಸುವುದೂ ತಪ್ಪು. ಒಣಗಿ ಕೆರಳಿದ ಕಣ್ಣು ಕೆಲವು ವೇಳೆ ಒಮ್ಮೆಲೇ ನೀರನ್ನು ಸುರಿಸುವುದು. ಆ ನೀರಿನಲ್ಲಿ ಎಣ್ಣೆಯೂ ಲೋಳೆಯೂ ತಕ್ಕಷ್ಟಿಲ್ಲದುದರಿಂದ ಅದು ಕೆನ್ನೆಗೆ ಹರಿದುಹೋಗುವುದೇ ಹೊರತು ಕಣ್ಣನ್ನು ತಣಿಸದು. ನೋವು ತಟ್ಟನೆ ಹೆಚ್ಚಿದರೆ, ಕಣ್ಣು ಕೆಂಪಗಾದರೆ, ಕೀವು ಬಂದರೆ, ದೃಷ್ಟಿಯು ಮಸುಕಾದರೆ ಮರುದಿನದ ಬಸ್ಸನ್ನು ಕಾಯದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಉರಿಯು ಮೂರು ತಿಂಗಳು ಕಳೆದರೂ ತಗ್ಗದಿದ್ದರೆ ಸುಮ್ಮನೆ ಸಹಿಸುತ್ತ ಕೂಡದೆ ಮತ್ತೆ ತೋರಿಸಬೇಕು. ಉರಿಯೂತವನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಹನಿ, ಕಣ್ಣೀರು ಇಳಿದುಹೋಗುವ ರಂಧ್ರಕ್ಕೆ ಹಾಕುವ ಸಣ್ಣ ಬಿರಡೆ, ರೋಗಿಯ ರಕ್ತದಿಂದಲೇ ತಯಾರಿಸುವ ಹನಿ, ಹೀಗೆ ಉಪಾಯಗಳು ಹಲವಿವೆ.

ಲೇಸರ್ ಚಿಕಿತ್ಸೆಯನ್ನು ಮಾಡಿಸಲೇಬಾರದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಲಕ್ಷೋಪಲಕ್ಷ ಜನರು ಇದರಿಂದ ಸುಖಪಟ್ಟಿದ್ದಾರೆ. ಆದರೆ ಚಾಳೀಸು ಒಂದು ವ್ಯಾಧಿಯೇನೂ ಅಲ್ಲ. ಅದನ್ನು ಧರಿಸಿದ ಹುಡುಗಿಯಲ್ಲಿ ಕುಂದೇನೂ ಇಲ್ಲ. ಕನ್ಯೆಯನ್ನು ನೋಡಲು ಬಂದವರ ಒಂದು ಮಾತಿಗಾಗಿ, ಒಣಗಿದ ಕಣ್ಣಿನ ಮೇಲೆ, ಪರೀಕ್ಷೆಯಿಲ್ಲದೆ, ಅವಸರದಿಂದ ಕಿರಣವನ್ನು ಹಾಯಿಸುವುದು ವಿವೇಕವಲ್ಲ. ತನ್ನ ಕಣ್ಣನ್ನು ಒಡ್ಡಬೇಕಾದವಳು ಆ ಹುಡುಗಿ. ಆದುದರಿಂದ ಹೂಂ ಎನ್ನುವ ಅಥವಾ ಒಲ್ಲೆನೆನ್ನುವ ಅಧಿಕಾರವೂ ಅವಳದೇ ಆಗಿರಬೇಕು. ಲಾಭವನ್ನೂ ತೊಂದರೆಯನ್ನೂ ಎರಡೂ ತಟ್ಟೆಯಲ್ಲಿಟ್ಟು ತೂಗಿ ನೋಡಿ ನಿರ್ಧರಿಸಿದವರಿಗೆ ಮುಂದಿನ ಆರು ತಿಂಗಳ ಉರಿಯು ಹೆದರಿಕೆಯನ್ನುಂಟುಮಾಡದು. ಅದು ತಾವು ತಿಳಿದೇ ತೆತ್ತ ಬೆಲೆಯೆಂದು ಅವರು ತಾಳ್ಮೆಯಿಂದ ಹನಿಯನ್ನು ಹಾಕಿಕೊಳ್ಳುವರು.